ಕಳೆದದ್ದು ಒಂದು, ಸಿಕ್ಕಿದ್ದು ಇನ್ನೊಂದು

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಮಾಯಾಕಥೆಯೊಂದಕ್ಕೆ ಇದಕ್ಕಿಂತ ಒಳ್ಳೆಯ ಊರ ಹೆಸರನ್ನು ಕೂತು ಹುಟ್ಟಿಸುವುದು ಕಷ್ಟ. ಕಳೆದ ಮೂರು ನಾಲ್ಕು ವರ್ಷಗಳಲ್ಲಿ ಶಿವಮೊಗ್ಗ ಮತ್ತು ಭದ್ರಾವತಿಯ ಕಾಲೇಜು ಹುಡುಗ ಹುಡುಗಿಯರು ಬರೆದ ಇಪ್ಪತ್ತಕ್ಕೂ ಹೆಚ್ಚು ಫ್ಯಾಂಟಸಿ ಕಥೆಗಳನ್ನು ಓದಿ ಅಭಿಪ್ರಾಯ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಂದನ್ನು ಬಿಟ್ಟರೆ ಉಳಿದ ಯಾವುದರಲ್ಲೂ ಬೆಂಕಿಪುರದ ನೆರಳೂ ಇಲ್ಲ. ಹಿಮ ಮುಚ್ಚಿದ ಬೆಟ್ಟಗಳಿವೆ, ಓಕ್ ಮರದ ಕಾಡುಗಳಿವೆ, ನಾಲಿಗೆ ಹೊರಳದ ಹೆಸರಿನ ರಾಜ್ಯಗಳಿವೆ.

ಇದರ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಹಿಮ ನೋಡದವರು ಹಿಮದ ಕಥೆ ಬರೆಯಬಾರದು ಎಂದರೆ, ಏಳು ಸಮುದ್ರದಾಚೆಯ ಕಥೆ ಹೇಳಿದ ನಮ್ಮ ಅಜ್ಜಿಯರೆಲ್ಲ ತಪ್ಪಿತಸ್ಥರಾಗುತ್ತಾರೆ. ಅವರಲ್ಲಿ ಎಷ್ಟೋ ಜನ ಒಂದು ಸಮುದ್ರವನ್ನೂ ನೋಡಿದವರಲ್ಲ. ನನ್ನ ತಕರಾರು ಬೇರೆ. ಅದು ಈ ಕಥೆಗಳ ನಾಯಕ ಏನನ್ನು ಅರಸಿ ಹೊರಡುತ್ತಾನೆ, ಕೊನೆಗೆ ಅವನ ಕೈಗೆ ಏನು ಬರುತ್ತದೆ ಎಂಬುದಕ್ಕೆ ಸಂಬಂಧಿಸಿದ್ದು.

ಹೆಚ್ಚಿನ ಕಥೆಗಳ ಕಟ್ಟು ಹೀಗಿದೆ. ಒಬ್ಬ ಹುಡುಗ, ತಂದೆ ತಾಯಿ ಇಲ್ಲ. ನಾಡಿಗೊಂದು ಶಾಪ, ಏಕೆಂದರೆ ನಾಡನ್ನು ಕಾಯುತ್ತಿದ್ದ ಮಣಿಯೋ ಕತ್ತಿಯೋ ಕಳವಾಗಿದೆ. ಬಿಳಿ ಗಡ್ಡದ ಮುದುಕನೊಬ್ಬ ಬಂದು, ಭವಿಷ್ಯವಾಣಿ ಹೇಳಿದ್ದು ನಿನ್ನ ಬಗ್ಗೆಯೇ ಎನ್ನುತ್ತಾನೆ. ಹುಡುಗ ಒಮ್ಮೆ ಒಲ್ಲೆ ಎಂದು ಆಮೇಲೆ ಹೊರಡುತ್ತಾನೆ. ಮೂರು ಪರೀಕ್ಷೆ, ಒಬ್ಬ ಗೆಳೆಯನ ಸಾವು, ಗುಹೆಯೊಳಗೆ ಕೊನೆಯ ಕಾಳಗ. ಮಣಿ ಸಿಗುತ್ತದೆ. ಶಾಪ ಹೋಗುತ್ತದೆ. ಮಳೆ ಬರುತ್ತದೆ.

ಈ ಮೆಟ್ಟಿಲುಗಳು ಎಲ್ಲಿಂದ ಬಂದವು ಎಂಬುದು ಗುಟ್ಟೇನಲ್ಲ. ಜೋಸೆಫ್ ಕ್ಯಾಂಬೆಲ್ 1949ರಲ್ಲಿ ಪ್ರಕಟಿಸಿದ ‘ದಿ ಹೀರೋ ವಿತ್ ಎ ಥೌಸಂಡ್ ಫೇಸಸ್’ ಪುಸ್ತಕದಲ್ಲಿ ಲೋಕದ ಪುರಾಣಗಳನ್ನೆಲ್ಲ ಒಟ್ಟಿಗಿಟ್ಟು, ಹೊರಡುವುದು, ಪರೀಕ್ಷೆಗೊಳಗಾಗುವುದು, ಮರಳುವುದು ಎಂಬ ಒಂದೇ ಆಕಾರವನ್ನು ಅವುಗಳಲ್ಲಿ ಕಂಡ. ಕ್ರಿಸ್ಟೋಫರ್ ವೋಗ್ಲರ್ 1992ರಲ್ಲಿ ಅದನ್ನು ಚಿತ್ರಕಥೆ ಬರೆಯುವವರಿಗಾಗಿ 12 ಹಂತಗಳಿಗೆ ಇಳಿಸಿದ. ಈಗ ಅದು ಫೋನಿನ ಪರದೆಯಲ್ಲಿ ಒಂದು ವೃತ್ತದ ಚಿತ್ರವಾಗಿ ಸಿಗುತ್ತದೆ. ಕ್ಯಾಂಬೆಲ್ ಮಾಡಿದ್ದು ಕಥೆಗಳನ್ನು ಓದಿದ ಮೇಲೆ ಬರೆದ ವರ್ಣನೆ. ಅದನ್ನು ಕಥೆ ಬರೆಯುವ ವಿಧಾನ ಎಂದು ಹಿಡಿಯುವುದು, ಊಟ ಮಾಡಿದವನ ಹೊಗಳಿಕೆಯನ್ನು ನೋಡಿಕೊಂಡು ಅಡುಗೆಗೆ ಇಳಿದ ಹಾಗೆ.

ಈ ಕಟ್ಟಿನಲ್ಲಿ ನನಗೆ ಕಾಣುವ ಮುಖ್ಯ ತೊಂದರೆ ಒಂದೇ. ಕಳೆದದ್ದೂ ಸಿಕ್ಕಿದ್ದೂ ಒಂದೇ ವಸ್ತು. ಮಣಿ ಹೋಗಿತ್ತು, ಮಣಿ ಬಂತು. ಜಮಾ ಖರ್ಚು ತಾಳೆಯಾಯಿತು. ಲೆಕ್ಕದ ಪುಸ್ತಕಕ್ಕೆ ಇದು ಒಳ್ಳೆಯದು, ಕಥೆಗೆ ಅಲ್ಲ. ಅರಸಿ ಹೊರಡುವ ಕಥೆಗಳಲ್ಲಿ ಮನಸ್ಸಿನಲ್ಲಿ ಉಳಿಯುವಂಥವು ಯಾವುವು ಎಂದು ನೋಡಿದರೆ, ಅವುಗಳಲ್ಲಿ ಕಳೆದದ್ದು ಒಂದು, ಸಿಕ್ಕಿದ್ದು ಇನ್ನೊಂದು. ಎರಡರ ನಡುವಿನ ಅಂತರದಲ್ಲೇ ಕಥೆ ಇರುತ್ತದೆ. ಇದನ್ನು ಹೇಳಲು ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯಲ್ಲೂ ಅದರ ಅಂಚಿನಲ್ಲೂ ಹುಟ್ಟಿದ ಎರಡು ಹಳೆಯ ಕಥೆಗಳು ಸಾಕು.

ಮೊದಲನೆಯದು ನೇಮಿಚಂದ್ರನ ‘ಲೀಲಾವತಿ’. ಹನ್ನೆರಡನೆಯ ಶತಮಾನದ ಚಂಪೂಕಾವ್ಯ. ಬನವಾಸಿಯ, ಅಂದರೆ ಜಯಂತೀಪುರದ, ರಾಜಕುಮಾರ ಕಂದರ್ಪ ಕನಸಿನಲ್ಲಿ ಒಬ್ಬ ಹುಡುಗಿಯನ್ನು ಕಾಣುತ್ತಾನೆ. ಅವಳು ಯಾರು, ಯಾವ ಊರಿನವಳು, ಒಂದೂ ಗೊತ್ತಿಲ್ಲ. ಗೆಳೆಯ ಮಕರಂದನನ್ನು ಕರೆದುಕೊಂಡು ಹುಡುಕಲು ಹೊರಡುತ್ತಾನೆ. ಹಲವು ಅಡ್ಡಿಗಳ ನಂತರ ಕನಸಿನ ಹುಡುಗಿಯೇ ಸಿಗುತ್ತಾಳೆ, ಮದುವೆಯಾಗುತ್ತದೆ. ಸುಬಂಧುವಿನ ‘ವಾಸವದತ್ತಾ’ ಇದಕ್ಕೆ ಪ್ರೇರಣೆ ಎನ್ನುತ್ತಾರೆ. ಕನಸಿನಿಂದ ಹೊರಟ ಈ ಪಯಣ ಕನ್ನಡದ ಫ್ಯಾಂಟಸಿ ಬರೆಯುವವರಿಗೆ ಅಜ್ಜನಂಥದ್ದು. ಆದರೂ ‘ಲೀಲಾವತಿ’ಯನ್ನು ಓದುವವರು ಅದರ ಶೃಂಗಾರಕ್ಕೆ, ವರ್ಣನೆಗೆ, ಭಾಷೆಯ ಹದಕ್ಕೆ ಓದುತ್ತಾರೆಯೇ ಹೊರತು, ಕಂದರ್ಪನಿಗೆ ಮುಂದೇನಾಗುತ್ತದೋ ಎಂಬ ಕಳವಳದಿಂದ ಓದುವುದಿಲ್ಲ. ಅವನು ಕಂಡ ಕನಸೇ ಅವನಿಗೆ ಸಿಗುತ್ತದೆ ಎಂದು ಮೊದಲೇ ಗೊತ್ತು. ನೇಮಿಚಂದ್ರನಿಗೂ ಅದು ಗೊತ್ತು. ಅವನ ಗಮನವೆಲ್ಲ ದಾರಿಯ ಸೊಬಗಿನ ಮೇಲೆ. ನೇಮಿಚಂದ್ರನ ಭಾಷೆ ಕೈಯಲ್ಲಿಲ್ಲದೆ ಅದೇ ಕಟ್ಟನ್ನು ಹಿಡಿದವರಿಗೆ ಉಳಿಯುವುದು ಬರೀ ದಾರಿ.

ಎರಡನೆಯದು ಹರಿಹರನ ‘ಪ್ರಭುದೇವರ ರಗಳೆ’. ಕಾಲದಲ್ಲಿ ನೇಮಿಚಂದ್ರನಿಗೆ ಹತ್ತಿರದ್ದು. ಕಥೆಯ ಊರು ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿ, ಬನವಾಸಿಗೂ ದೂರವಲ್ಲ. ಅಲ್ಲಮ ಇಲ್ಲಿ ಮದ್ದಲೆ ಬಾರಿಸುವ ಯುವಕ. ಕಮಲತೆಯನ್ನು ಪ್ರೀತಿಸಿ ಮದುವೆಯಾಗುತ್ತಾನೆ. ಸುಖ ಇನ್ನೂ ಹಳತಾಗುವ ಮೊದಲೇ ಅವಳಿಗೆ ಜ್ವರ ಬರುತ್ತದೆ, ಸಾಯುತ್ತಾಳೆ. ಅಲ್ಲಮ ಹುಚ್ಚನಂತೆ ಅವಳ ಹೆಸರು ಹಿಡಿದು ಅಲೆಯುತ್ತಾನೆ. ಒಂದು ದಿನ ಯಾರೂ ಇಲ್ಲದ ತೋಟದಲ್ಲಿ ತಲೆ ತಗ್ಗಿಸಿ ಕೂತು ಕಾಲುಗುರಿನಿಂದ ಸುಮ್ಮನೆ ನೆಲ ಕೆರೆಯುತ್ತಿರುತ್ತಾನೆ. ಮಣ್ಣಿನೊಳಗಿಂದ ಚಿನ್ನದ ಕಳಸದ ತುದಿ ಕಾಣುತ್ತದೆ. ಅಗೆಸಿದರೆ ಕೆಳಗೆ ಇಡೀ ಗುಡಿ, ಮುಚ್ಚಿದ ಬಾಗಿಲು. ಬಾಗಿಲನ್ನು ಒದ್ದು ಒಳಹೋದರೆ ಅಲ್ಲಿ ಯೋಗದಲ್ಲಿ ಕೂತ ಅನಿಮಿಷಯ್ಯ. ಅವನ ಕೈಯ ಲಿಂಗ ಅಲ್ಲಮನ ಕೈಗೆ ಬರುತ್ತದೆ. ಅದು ಬರುತ್ತಿದ್ದಂತೆಯೇ ಅನಿಮಿಷಯ್ಯನ ಪ್ರಾಣ ಹೋಗುತ್ತದೆ.

ಭಕ್ತರಿಗೆ ಇದು ಶರಣರ ಚರಿತ್ರೆ. ನಾನು ಇಲ್ಲಿ ನೋಡುತ್ತಿರುವುದು ಕಥನದ ಕಟ್ಟನ್ನು ಮಾತ್ರ. ನೆಲದಡಿಯ ಗುಡಿ, ಮುಚ್ಚಿದ ಬಾಗಿಲು, ಕಣ್ಣು ಮಿಟುಕಿಸದ ಯೋಗಿ, ಕೈಯಿಂದ ಕೈಗೆ ದಾಟುವ ವಸ್ತು: ಇಂದಿನ ಫ್ಯಾಂಟಸಿಯ ಸಾಮಗ್ರಿಯೆಲ್ಲ ಇಲ್ಲಿದೆ. ಇಲ್ಲದಿರುವುದು ಲೆಕ್ಕದ ತಾಳೆ. ಅಲ್ಲಮ ಕಳೆದುಕೊಂಡದ್ದು ಕಮಲತೆಯನ್ನು, ಅವನಿಗೆ ಸಿಕ್ಕಿದ್ದು ಲಿಂಗ. ಅವನು ಗುಡಿಯನ್ನು ಹುಡುಕುತ್ತಿರಲಿಲ್ಲ. ಅಲ್ಲೊಂದು ಗುಡಿ ಇರಬಹುದೆಂಬ ಸುಳಿವೂ ಅವನಿಗಿರಲಿಲ್ಲ. ಹುಡುಕಿ ಹುಡುಕಿ ಸೋತು ಕೂತಾಗ, ಏನೂ ಮಾಡಲು ತೋಚದ ಕಾಲುಬೆರಳು ಬಾಗಿಲನ್ನು ಕಂಡಿತು. ಸಿಕ್ಕಿದ್ದು ದೊಡ್ಡದು, ಹೌದು. ಆದರೆ ಕಮಲತೆ ಎದ್ದು ಬರಲಿಲ್ಲ. ಲಿಂಗ ಅವಳಿಗೆ ಬದಲಿ ಎಂದು ಹರಿಹರ ಹೇಳುವುದೂ ಇಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಸುಮ್ಮನಾಗುತ್ತಾನೆ.

ಇದೇ ಅಲ್ಲಮ ಹದಿನೈದನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಗೆ ಬರುವಾಗ ಬೇರೆಯವನಾಗಿರುತ್ತಾನೆ. ಅಲ್ಲಿ ಶಿವ ಪಾರ್ವತಿಯರ ನಡುವೆ ವಾದ. ಅಲ್ಲಮನನ್ನು ಪರೀಕ್ಷಿಸಲು ಪಾರ್ವತಿ ತನ್ನ ತಾಮಸ ಕಳೆಯನ್ನು ಭೂಮಿಗೆ ಕಳಿಸುತ್ತಾಳೆ. ಅದು ಬನವಾಸಿಯ ಮಮಕಾರ ರಾಜನ ಮಗಳು ಮಾಯೆಯಾಗಿ ಹುಟ್ಟುತ್ತದೆ. ಅವಳು ಕುಣಿಯುತ್ತಾಳೆ, ಅವನು ಮದ್ದಲೆ ಬಾರಿಸುತ್ತಾನೆ, ಅವಳ ಕೈಗೆ ಮಾತ್ರ ಸಿಗುವುದಿಲ್ಲ. ಚಾಮರಸನ ಅಲ್ಲಮ ಮೊದಲಿನಿಂದಲೂ ಗೆದ್ದವನು. ಅವನಿಗೆ ಕಮಲತೆ ಇಲ್ಲ, ಆದ್ದರಿಂದ ಕಳೆದುಕೊಳ್ಳುವುದೂ ಇಲ್ಲ. ತತ್ವದ ದೃಷ್ಟಿಯಿಂದ ಚಾಮರಸನಿಗೆ ಇದು ಬೇಕೇ ಬೇಕಿತ್ತು; ಮಾಯೆಗೆ ಸಿಕ್ಕಿಬಿದ್ದವನನ್ನು ಮಾಯೆಯ ಆಚೆಗಿರುವವನೆಂದು ತೋರಿಸಲಾಗದು. ಆದರೆ ಕಥೆಯಾಗಿ ಓದುವಾಗ ಒಂದು ವಿಚಿತ್ರ ನಡೆಯುತ್ತದೆ. ನಮ್ಮ ಕಳವಳವೆಲ್ಲ ಮಾಯೆಯ ಕಡೆಗೆ ಹೋಗುತ್ತದೆ. ಏಕೆಂದರೆ ಸೋಲಬಲ್ಲವಳು ಅವಳೊಬ್ಬಳೇ.

ವಿದ್ಯಾರ್ಥಿಗಳ ಕಥೆಗಳಲ್ಲೂ ಇದೇ ಆಗುತ್ತದೆ. ಭವಿಷ್ಯವಾಣಿ ಹೇಳಿದ ಹುಡುಗ ಸೋಲುವುದಿಲ್ಲ ಎಂದು ಎರಡನೆಯ ಪುಟದಲ್ಲೇ ಗೊತ್ತಾಗುವುದರಿಂದ ನಾಯಕ ಮಂಕಾಗಿ, ಖಳನಾಯಕ ಜೀವಂತವಾಗಿರುತ್ತಾನೆ. ಒಂದು ಕಥೆಯಲ್ಲಿ ಮಣಿ ಕದ್ದ ಮಾಂತ್ರಿಕನಿಗೆ ಕಿವುಡಿಯಾದ ಮಗಳಿದ್ದಳು. ಅವಳಿಗೆ ಒಮ್ಮೆ ಮಳೆಯ ಸದ್ದು ಕೇಳಿಸಲೆಂದು ಅವನು ಮಣಿ ಕದ್ದಿದ್ದ. ಬರೆದ ಹುಡುಗನಿಗೆ ಅದು ಒಂದು ಪ್ಯಾರಾದ ವಿವರ. ನನಗೆ ಅದೇ ಕಥೆ ಎನಿಸಿತು. ನಾಯಕನಿಗೆ ಅಂಥದ್ದೊಂದು ಇರಲಿಲ್ಲ. ಅವನು ‘ನಾಡಿನ ಶಾಂತಿ’ಗಾಗಿ ಹೊರಟಿದ್ದ. ನಾಡಿನ ಶಾಂತಿಗಾಗಿ ಹೊರಟವರನ್ನು ನಾವು ಭಾಷಣಗಳಲ್ಲಿ ಸಾಕಷ್ಟು ಕೇಳಿದ್ದೇವೆ.

ಹೊಸಗನ್ನಡದಲ್ಲಿ ಈ ಅಂತರವನ್ನು ಚೆನ್ನಾಗಿ ಬಲ್ಲ ಕೃತಿ ತೇಜಸ್ವಿಯವರ ‘ಕರ್ವಾಲೊ’ (1980). ಅದು ಫ್ಯಾಂಟಸಿ ಅಲ್ಲ, ಆದರೆ ಅದರ ಅಸ್ಥಿಪಂಜರ ಅರಸಿ ಹೊರಡುವ ಕಥೆಯದ್ದೇ. ಕಾಲದ ಆಳದಿಂದ ಉಳಿದು ಬಂದ ಹಾರುವ ಓತಿಯನ್ನು ಹುಡುಕಿ ಒಂದು ತಂಡ ಕಾಡಿಗೆ ಹೋಗುತ್ತದೆ. ತಂಡದಲ್ಲಿ ವಿಜ್ಞಾನಿ ಇದ್ದಾನೆ, ಬಿರಿಯಾನಿ ಮಾಡುವ ಕರಿಯಪ್ಪ ಇದ್ದಾನೆ, ಕಿವಿ ಎಂಬ ನಾಯಿ ಇದೆ. ದಾರಿ ತೋರಿಸುವವನು ಮಂದಣ್ಣ, ಊರಿನ ಕಣ್ಣಿಗೆ ಕೆಲಸಕ್ಕೆ ಬಾರದವನು, ಮದುವೆಯ ಚಿಂತೆ, ಸಾರಾಯಿ ಕೇಸು ಎಲ್ಲ ಮೈಮೇಲೆ ಎಳೆದುಕೊಂಡವನು. ಇಷ್ಟೆಲ್ಲ ಶುರುವಾಗುವುದು ಜೇನು ಸೊಸೈಟಿಯ ಹತ್ತಿರ ಒಂದಿಷ್ಟು ಜೇನುತುಪ್ಪದ ವಿಚಾರಕ್ಕೆ. ಕೊನೆಗೆ ಓತಿ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಕಣಿವೆಯ ಆಚೆಗೆ ತೇಲಿಹೋಗುತ್ತದೆ. ಓದಿ ಮುಗಿಸಿದವರ ಕೈಯಲ್ಲಿ ಉಳಿಯುವುದು ಓತಿಯಲ್ಲ, ಮಂದಣ್ಣ. ಮತ್ತು ಕಾಲ ಎಂಬುದರ ಬಗ್ಗೆ ಮೊದಲು ಇರದಿದ್ದ ಒಂದು ಬೆರಗು. ತೇಜಸ್ವಿ ಇದನ್ನು ಲಾಭ ಎಂದು ಘೋಷಿಸುವುದಿಲ್ಲ. ಓತಿಯನ್ನು ಕೊಟ್ಟುಬಿಟ್ಟಿದ್ದರೆ ಕಾದಂಬರಿ ಅಂದೇ ಮುಗಿಯುತ್ತಿತ್ತು.

ಪಶ್ಚಿಮದವರ ಫ್ಯಾಂಟಸಿಯಲ್ಲೂ ಉಳಿದು ಬಂದದ್ದು ಇಂಥದ್ದೇ. ಟೋಲ್ಕೀನನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954–55) ಕಥೆಯ ಫ್ರೋಡೊ ಏನನ್ನೋ ತರಲು ಹೊರಟವನಲ್ಲ, ಒಂದು ಉಂಗುರವನ್ನು ಕಳೆಯಲು ಹೊರಟವನು. ಬೆಂಕಿಯ ಬಾಯಿಗೆ ಬಂದು ನಿಂತಾಗ ಅದನ್ನು ಎಸೆಯಲು ಅವನಿಂದ ಆಗುವುದಿಲ್ಲ. ಕೆಲಸ ಇನ್ನೊಬ್ಬನ ಆಸೆಯಿಂದ, ಆಕಸ್ಮಿಕವಾಗಿ ಆಗಿಹೋಗುತ್ತದೆ. ಅವನು ಉಳಿಸಿದ ಊರಿನಲ್ಲಿ ಅವನಿಗೇ ನೆಮ್ಮದಿಯಿಂದ ಬಾಳಲಾಗುವುದಿಲ್ಲ. ವಿದ್ಯಾರ್ಥಿಗಳು ಈ ಕಥೆಯಿಂದ ಬೆಟ್ಟವನ್ನೂ ಕತ್ತಿಯನ್ನೂ ತಂದಿದ್ದಾರೆ, ಈ ನೋವನ್ನು ಅಲ್ಲೇ ಬಿಟ್ಟು ಬಂದಿದ್ದಾರೆ.

ಇಷ್ಟು ಹೇಳಿದ ಮೇಲೆ, ಮೊದಲಲ್ಲಿ ಬಿಟ್ಟಿದ್ದ ಆ ಒಂದು ಕಥೆಗೆ ಬರಬೇಕು. ಬರೆದವಳು ಭದ್ರಾವತಿಯ ಹುಡುಗಿ. ಹೊಳೆಯ ದಂಡೆಯ ಒಂದು ಊರು. ಊರ ನಡುವೆ ನೂರು ವರ್ಷಗಳಿಂದ ಆರದ ಕುಲುಮೆ. ಒಂದು ರಾತ್ರಿ ಅದು ಆರುತ್ತದೆ, ಮಾರನೆಯ ಬೆಳಿಗ್ಗೆ ಊರಿನ ಯಾರಿಗೂ ನೆರಳಿಲ್ಲ. ಸೈರನ್ ಕೂಗದಿದ್ದರೂ ಅದೇ ಹೊತ್ತಿಗೆ ಎದ್ದು, ಬುತ್ತಿ ಡಬ್ಬಿ ಹಿಡಿದು ಗೇಟಿನ ತನಕ ನಡೆದು, ಅಲ್ಲಿ ಸ್ವಲ್ಪ ಹೊತ್ತು ನಿಂತು ವಾಪಸು ಬರುವ ಒಬ್ಬ ಅಪ್ಪ. ಅವನ ಮಗಳು ಹೊಳೆಯ ಗುಂಟ ಮೇಲಕ್ಕೆ ನಡೆದು, ನದಿ ಹುಟ್ಟುವಲ್ಲಿ ವಾಸಿಸುವ ಬೆಂಕಿಹಕ್ಕಿಯಿಂದ ಕೆಂಡ ತರುತ್ತಾಳೆ. ಕುಲುಮೆ ಹೊತ್ತುತ್ತದೆ. ನೆರಳುಗಳು ಬರುತ್ತವೆ. ಅಪ್ಪ ಕೆಲಸಕ್ಕೆ ಹೋಗುತ್ತಾನೆ.

ಬುತ್ತಿ ಡಬ್ಬಿಯ ಅಪ್ಪನನ್ನು ಓದಿದಾಗ ಇದು ಎಲ್ಲಕ್ಕಿಂತ ಒಳ್ಳೆಯ ಕಥೆ ಎಂದು ನನಗೆ ಅನುಮಾನವೇ ಉಳಿಯಲಿಲ್ಲ. ಕೊನೆಯ ಬಗ್ಗೆ ಮಾತ್ರ ನನ್ನ ಹಳೆಯ ಮಾತನ್ನೇ ಹೇಳಿದೆ: ಬೆಂಕಿ ಹೋಗಿತ್ತು, ಬೆಂಕಿಯೇ ಬಂತಲ್ಲ, ಬೇರೆ ಏನಾದರೂ ಸಿಗಬೇಕಿತ್ತು. ಅವಳು ಕೇಳಿದಳು: “ಕೆಲಸ ಹೋದವರಿಗೆ ಕೆಲಸಾನೇ ಬೇಕು ಸರ್. ಬೇರೆ ಏನೋ ಸಿಕ್ತು ಅಂತ ಬರೆದರೆ ಅವರಿಗೆ ಮೋಸ ಮಾಡಿದ ಹಾಗಲ್ವಾ?”

ಅವಳ ಮನೆಯ ವಿಚಾರ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಪ್ರಶ್ನೆ ಮಾತ್ರ ಗಟ್ಟಿಯಾದದ್ದು. ಕಳೆದದ್ದು ಒಂದು, ಸಿಕ್ಕಿದ್ದು ಇನ್ನೊಂದು ಎನ್ನುವುದು ಏನನ್ನೂ ಕಳೆದುಕೊಳ್ಳದವರು ಕಳೆದುಕೊಂಡವರಿಗೆ ಹೇಳುವ ಸಮಾಧಾನವಾಗಿಬಿಡಬಹುದು. ಕೆಲಸ ಹೋದರೇನು, ಜೀವನದ ಪಾಠ ಸಿಕ್ಕಿತಲ್ಲ ಎನ್ನುವ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವು ನಿಜಕ್ಕೂ ಮೋಸ. ಆದರೆ ಹರಿಹರ ಮಾಡಿದ್ದು ಇದನ್ನಲ್ಲ. ಸಿಕ್ಕಿದ್ದು ಕಳೆದದ್ದಕ್ಕಿಂತ ಮೇಲು ಎಂದು ಅವನು ತೂಗಿ ತೋರಿಸುವುದಿಲ್ಲ. ಕಮಲತೆಯ ಸಾವನ್ನು ಸಾವಾಗಿಯೇ ಉಳಿಸುತ್ತಾನೆ. ಕಳೆದ ವಸ್ತುವನ್ನು ಹಾಗೆಯೇ ತಂದುಕೊಡುವ ಕಥೆ, ಅದು ನಿಜದಲ್ಲಿ ಬಾರದೆ ಇರುವವರಿಗೆ ಸುಳ್ಳು ಹೇಳುತ್ತದೆ. ಬೇರೆ ವಸ್ತು ಕೊಟ್ಟು ಸರಿಹೋಯಿತೆನ್ನುವ ಕಥೆ ಇನ್ನೊಂದು ಸುಳ್ಳು ಹೇಳುತ್ತದೆ. ಸಿಕ್ಕಿದ್ದನ್ನು ಕೊಟ್ಟೂ ಕಳೆದದ್ದನ್ನು ಮರೆಯದಿರುವುದು ಮೂರನೆಯ ದಾರಿ, ಕಷ್ಟದ ದಾರಿ.

ಆ ದಾರಿ ಅವಳ ಕಥೆಯೊಳಗೇ ಇತ್ತು, ಅವಳ ಊರಿನ ಚರಿತ್ರೆಯಲ್ಲಿತ್ತು. ಮೈಸೂರು ಸಂಸ್ಥಾನ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಲು ಹೊರಟದ್ದು 1918ರಲ್ಲಿ. ಉತ್ಪಾದನೆ ಶುರುವಾದದ್ದು 1923ರಲ್ಲಿ. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಬಂತು. ಕಲ್ಲಿದ್ದಲು ಹತ್ತಿರದಲ್ಲಿರಲಿಲ್ಲ, ಆದ್ದರಿಂದ ಊದುಕುಲುಮೆಗೆ ಉರುವಲಾದದ್ದು ಸುತ್ತಲಿನ ಕಾಡಿನ ಮರ ಸುಟ್ಟ ಇದ್ದಿಲು. 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ ಬಿದಿರನ್ನು ತಿಂದಿತು. ಆ ಬೆಂಕಿಯ ಸುತ್ತ ಊರು ಬೆಳೆಯಿತು. ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು ಮಾತಾಡುವವರು ಬಂದು ನೆಲೆಸಿದರು. ನ್ಯೂಟೌನ್, ಪೇಪರ್ ಟೌನ್ ಎಂಬ ಬಡಾವಣೆಗಳಾದವು. ಕಾಗದದ ಯಂತ್ರಗಳು ನಿಂತು ವರ್ಷಗಳಾದವು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆ ಮುಚ್ಚುವ ಸುದ್ದಿ ಬಂದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು.

ಈಗ ಆ ಹುಡುಗಿಯ ನಾಯಕಿಯ ದಾರಿಯನ್ನು ನೋಡಿ. ಹೊಳೆಯ ಗುಂಟ ಮೇಲಕ್ಕೆ ಹೋಗುವವಳು ಆ ಕುಲುಮೆ ನೂರು ವರ್ಷ ತಿಂದ ಕಾಡನ್ನು ದಾಟಿಯೇ ಹೋಗಬೇಕು. ಅಲ್ಲಿ ಬೊಡ್ಡೆಗಳಿರುತ್ತವೆ. ಅಲ್ಲಿ ಇದ್ದವರಿಗೆ ಅವರದೇ ನಷ್ಟವಿರುತ್ತದೆ. ಬಹುಶಃ ನೆರಳು ಕಳೆದುಕೊಂಡವರಲ್ಲಿ ಅವಳ ಊರಿನವರು ಮೊದಲನೆಯವರಲ್ಲ. ಮರ ಹೋದಲ್ಲಿ ನೆರಳು ಮೊದಲೇ ಹೋಗಿತ್ತು. ಅವಳು ಕೆಂಡ ಹಿಡಿದು ಮರಳುವಾಗ ಅವಳ ಜೊತೆ ಈ ತಿಳಿವೂ ಬರುತ್ತದೆ, ಮತ್ತು ಗೇಟಿನ ಬಳಿ ಬುತ್ತಿ ಹಿಡಿದು ಅಪ್ಪ ನಿಂತೇ ಇರುತ್ತಾನೆ. ಅಪ್ಪನ ಅಗತ್ಯವೂ ಸುಳ್ಳಲ್ಲ, ಬೊಡ್ಡೆಗಳೂ ಸುಳ್ಳಲ್ಲ. ಅವಳು ಏನು ಮಾಡಬೇಕೆಂದು ನಾನು ಹೇಳಲಾರೆ, ಹೇಳಬಾರದು. ಅದು ಬರೆಯುವವಳ ಕೆಲಸ. ಆದರೆ ಕಥೆ ಇರುವುದು ಅಲ್ಲಿ. ಇದನ್ನು ಬರೆದರೆ ಕೆಲಸ ಹೋದವರಿಗೆ ಮೋಸವಾಗುವುದಿಲ್ಲ. ಅವರ ಪಾಡು ಎಷ್ಟು ದೊಡ್ಡ ಕಥೆಯ ಭಾಗ ಎಂಬುದು ಕಾಣುತ್ತದೆ.

ಅರಸಿ ಹೊರಡುವ ಕಥೆ ಬರೆಯಬೇಕೆನ್ನುವವರಿಗೆ ಇದರಿಂದ ಕೆಲವು ಮಾತು ಹೇಳಬಹುದು. ಮೊದಲನೆಯದು, ಕಳೆದದ್ದಕ್ಕೆ ಒಂದು ಹೆಸರಿರಲಿ. ಹರಿಹರ ಪ್ರೇಮ ಕಳೆಯಿತು ಎನ್ನುವುದಿಲ್ಲ, ಕಮಲತೆ ಜ್ವರದಿಂದ ಸತ್ತಳು ಎನ್ನುತ್ತಾನೆ. ಅನಾಥ ನಾಯಕ ಬರೆಯುವವರಿಗೆ ಅನುಕೂಲ, ಏಕೆಂದರೆ ಅವನು ಹೊರಟರೆ ತಡೆಯುವವರಿಲ್ಲ, ಕಾಯುವವರಿಲ್ಲ. ಆದರೆ ಕಾಯುವವರಿಲ್ಲದ ಪಯಣಕ್ಕೆ ತೂಕವಿರುವುದಿಲ್ಲ. ಗೋವಿನ ಹಾಡನ್ನೇ ನೋಡಿ. ಅಲ್ಲಿ ಪುಣ್ಯಕೋಟಿ ಮನೆಗೆ ಹೋಗುವುದು ಸುಲಭದ ಭಾಗ. ಮನೆಯಿಂದ, ಕರುವಿನಿಂದ ಬಿಡಿಸಿಕೊಂಡು ಹುಲಿಯ ಕಡೆಗೆ ಮರಳುವುದೇ ಪಯಣ.

ಎರಡನೆಯದು, ದಾರಿ ತೋರುವವರ ಬಗ್ಗೆ. ಬಿಳಿ ಗಡ್ಡದ ಮುದುಕನಿಗೆ ನಾಯಕನ ಹಣೆಬರಹವೆಲ್ಲ ಗೊತ್ತು, ಹಾಗಾಗಿ ಅವನು ಬಾಯಿ ತೆರೆದೊಡನೆ ಕಥೆ ಮುಗಿದಂತೆ. ನಮ್ಮ ಜನಪದ ಕಥೆಗಳಲ್ಲಿ ರಾಜಕುಮಾರ ಪರವೂರಿಗೆ ಬಂದು ಇಳಿದುಕೊಳ್ಳುವುದು ಅಡಗೂಲಜ್ಜಿಯ ಮನೆಯಲ್ಲಿ. ಅವಳಿಗೆ ಅವನ ಹಣೆಬರಹ ಗೊತ್ತಿಲ್ಲ, ಊರಿನ ಸುದ್ದಿ ಗೊತ್ತು. ಅವಳಿಂದ ಸುದ್ದಿ ತಿಳಿದು, ಮುಂದಿನದನ್ನು ಅವನೇ ತೀರ್ಮಾನಿಸಬೇಕು. ನಾಯಕನಿಗೆ ಭವಿಷ್ಯಕ್ಕಿಂತ ಸುದ್ದಿ ಹೆಚ್ಚು ಉಪಯೋಗದ್ದು.

ಮೂರನೆಯದು, ಬೆಲೆಯ ಬಗ್ಗೆ. ಅನಿಮಿಷಯ್ಯ ಸತ್ತದ್ದು ಅಲ್ಲಮನನ್ನು ಅಳಿಸಲಿಕ್ಕಲ್ಲ. ಅವರಿಬ್ಬರಿಗೆ ಪರಿಚಯವೇ ಇರಲಿಲ್ಲ. ಕೈಗೆ ಬಂದದ್ದು ಇನ್ನೊಬ್ಬನ ಕೈಯಿಂದ ಹೋದದ್ದು ಎಂಬ ಸತ್ಯ ಆ ಸಾವಿನಲ್ಲಿದೆ. ಮಣಿ ಸಿಕ್ಕಿದ ಗುಹೆಯಲ್ಲಿ ಅದುವರೆಗೆ ಮಣಿಯನ್ನು ಯಾರು ಕಾಯುತ್ತಿದ್ದರು, ಮಣಿ ಹೋದ ಮೇಲೆ ಅವರಿಗೇನಾಯಿತು ಎಂದು ಒಮ್ಮೆ ಕೇಳಿಕೊಂಡರೆ ಅರ್ಧ ಕಥೆಗಳು ತಾವಾಗಿ ಬದಲಾಗುತ್ತವೆ.

ವೃತ್ತದ ಚಿತ್ರವನ್ನು ಎಸೆಯಿರಿ ಎಂದು ನಾನು ಹೇಳುವುದಿಲ್ಲ. ಹೊರಡುವುದು, ಮರಳುವುದು ಎಲ್ಲ ಕಥೆಗಳಲ್ಲೂ ಇರುತ್ತದೆ. ಆದರೆ ಬರೆಯಲು ಕೂತಾಗ ಹಾಳೆಯ ಎಡಕ್ಕೆ ನಾಯಕ ಕಳೆದುಕೊಂಡದ್ದನ್ನೂ ಬಲಕ್ಕೆ ಅವನಿಗೆ ಸಿಗುವುದನ್ನೂ ಬರೆದು ನೋಡಿ. ಎರಡೂ ಕಡೆ ಒಂದೇ ಪದ ಬಂದರೆ ಕಥೆ ಇನ್ನೂ ಶುರುವಾಗಿಲ್ಲ ಎಂದು ತಿಳಿಯಿರಿ. ಬೇರೆ ಬೇರೆ ಪದ ಬಂದು, ಬಲಗಡೆಯದನ್ನು ಬರೆದ ಮೇಲೂ ಎಡಗಡೆಯದನ್ನು ಹೊಡೆದುಹಾಕಲು ಮನಸ್ಸು ಬಾರದಿದ್ದರೆ, ಮುಂದುವರಿಯಿರಿ.